ಮೆಟ್ಟಿಲ ಕೆಳಗಿನ ಗೊಂಬೆಗಳು

ಎರಡು ವರ್ಷದಿಂದ ನಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸಿಲ್ಲ. ಮೈಸೂರಲ್ಲಿದ್ದು ಗೊಂಬೆ ಕೂರಿಸಲ್ಲ ಅಂದ್ರೆ ಅಕ್ಕಪಕ್ಕದವರು ಕೇಳದೇ ಬಿಡ್ತಾರಾ? "ಈಗ ಯಾರು ನೋಡೋಕೆ ಬರ್ತಾರೆ ಬಿಡಿ" ಅನ್ನೋದು ಅಮ್ಮನ ಉತ್ತರ. ವಯಸ್ಸಾಯ್ತು, ಆಸಕ್ತಿ ಕಡಿಮೆಯಾಗಿದೆ ಅಂತ ಬೆಂಗಳೂರಲ್ಲಿ ಕೂತು ನಾನೂ ಅಂದುಕೊಂಡಿದ್ದೆ.

ಈಚೆಗೆ ಊರಿಗೆ ಹೋದಾಗ ಹಳೇ ಆಲ್ಬಮ್ ಬೇಕಾಯ್ತು. ಅದು ಮೆಟ್ಟಿಲ ಕೆಳಗಿನ ಗೂಡಲ್ಲಿತ್ತು. ಬಾಗಿಲಿರೋದು ಎತ್ತರದ ತುದಿಯಲ್ಲಿ. ಅಲ್ಲಿ ಆರಡಿ ಇರೋ ಎತ್ತರ, ಏಳಡಿ ಒಳಗೆ ಹೋಗುವಷ್ಟರಲ್ಲಿ ಒಂದಡಿಗೆ ಇಳಿಯುತ್ತೆ. ಮೊಬೈಲ್ ಟಾರ್ಚ್ ಹಿಡಿದು ತೆವಳಿದೆ. ತಲೆಗೆ ಸ್ಲ್ಯಾಬ್ ಬಡೀತು. ಆ ಕತ್ತಲ ಮೂಲೆಯಲ್ಲೇ ಗೊಂಬೆ ಟ್ರಂಕೂ ಇತ್ತು.

"ಇದನ್ನ ಯಾರಮ್ಮ ತೆಗೀತಿದ್ರು?"

"ನಿಮ್ಮಪ್ಪ ಇದ್ದಾಗ ಅವರೇ. ಆಮೇಲೆ ಒಂದು ಸಲ ನಾನೇ ಹೋದೆ ಕಣೇ, ಮಂಡಿ ಹಿಡ್ಕೊಂಡು ಅಲ್ಲೇ ಕೂತುಬಿಟ್ಟೆ. ಇದಕ್ಕೆಲ್ಲ ರಜ ಹಾಕಿ ಬಾ ಅಂತ ನಿನಗೆ ಹೇಳೋಕಾಗುತ್ತಾ?"

ಜನ ಒಂದು ಬಟನ್ ಒತ್ತುತ್ತಿಲ್ಲ ಅಂದ್ರೆ ಅದು ಅವರಿಗೆ ಬೇಡ ಅಂತಲ್ಲ, ಕೈಗೆ ಸಿಗ್ತಿಲ್ಲವೇನೋ ಮೊದಲು ನೋಡಿ ಅಂತ ಆಫೀಸಲ್ಲಿ ಹೊಸಬರಿಗೆ ಪಾಠ ಹೇಳೋಳು ನಾನು. ಮನೆಯಲ್ಲಿ ಮರೆತಿದ್ದೆ.

ಅವತ್ತೇ ಟೇಪ್ ಹಿಡಿದು ಅಳೆದೆ. ನಮ್ಮ ಮೆಟ್ಟಿಲು 10 ಇಂಚು ಅಗಲ, 7 ಇಂಚು ಎತ್ತರ. ಅಂದ್ರೆ ಒಳಗೆ ಪ್ರತಿ 10 ಇಂಚಿಗೆ 7 ಇಂಚು ಎತ್ತರ ಕಡಿಮೆಯಾಗುತ್ತೆ. ಇಷ್ಟು ಗೊತ್ತಾದ್ರೆ ಎಲ್ಲಿ ಏನು ಹಿಡಿಯುತ್ತೆ ಅಂತ ಕಾಗದದ ಮೇಲೇ ಲೆಕ್ಕ ಹಾಕಬಹುದು.

ತೊಂದರೆ ಇದ್ದದ್ದು ಜಾಗದ್ದಲ್ಲ, ಬಾಗಿಲಿನದು. ಪಕ್ಕದ ಗೋಡೆ ಬರೀ ಅಡ್ಡಗೋಡೆ, ಮೆಟ್ಟಿಲ ಭಾರ ಅದರ ಮೇಲಿಲ್ಲ ಅಂತ ಸಿವಿಲ್ ಎಂಜಿನಿಯರ್ ಬಂದು ನೋಡಿ ಹೇಳಿದ ಮೇಲೆ ಅದನ್ನು ತೆಗೆಸಿದೆವು. ನೀವೂ ತೋರಿಸದೇ ಸುತ್ತಿಗೆ ಎತ್ತಬೇಡಿ. ಎತ್ತರದ ಎರಡೂವರೆ ಅಡಿ ಪೊರಕೆ, ಮಾಪು, ವ್ಯಾಕ್ಯೂಮ್ ಕ್ಲೀನರ್‌ಗೆ. ಉಳಿದದ್ದಕ್ಕೆ ಹೊರಗೆ ಎಳೆಯುವಂಥ ಎರಡು ಚಕ್ರದ ಪೆಟ್ಟಿಗೆ. ಮೆಟ್ಟಿಲು ಮೂರಡಿ ಅಗಲ ಇರೋದ್ರಿಂದ ಅಷ್ಟುದ್ದದ ಡ್ರಾಯರ್ ಭಾರಕ್ಕೆ ಜೋಲುತ್ತೆ. ನೆಲದ ಮೇಲೆ ಉರುಳೋ ಚಕ್ರವೇ ವಾಸಿ. ತೀರಾ ತಗ್ಗಿನ ಪೆಟ್ಟಿಗೆಗೆ ಚಪ್ಪಲಿ, ಹಳೇ ಪೇಪರ್. ಎರಡೂವರೆ ಅಡಿ ಎತ್ತರದ ನಡುವಿನ ಪೆಟ್ಟಿಗೆ ಗೊಂಬೆಗಳಿಗೆ, ಅಮ್ಮ ಮಂಡಿ ಊರದೇ ಎಳೆಯೋ ಹಾಗೆ. ನೆಲ ಒರೆಸುವಾಗ ನೀರು ತಾಗುತ್ತಲ್ಲ, ಅದಕ್ಕೇ ಬಿಡಬ್ಲ್ಯೂಆರ್ ದರ್ಜೆಯ ಪ್ಲೈವುಡ್. ಗಾಳಿ ಆಡಲಿ ಅಂತ ಬಾಗಿಲಲ್ಲಿ ತೂತುಗಳು.

ಹೊರಗೆ ಹಾಕಿದ್ದೂ ಹೇಳಬೇಕು. ಯುಪಿಎಸ್ ಬ್ಯಾಟರಿ ಅಲ್ಲೇ ಮುಚ್ಚಿದ ಬಾಗಿಲ ಹಿಂದಿತ್ತು. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಅದಕ್ಕೆ ಗಾಳಿಯಾಡೋ ಜಾಗವೇ ಬೇಕು. ಸ್ಪೇರ್ ಸಿಲಿಂಡರೂ ಅಲ್ಲಿ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ಕೆಳಗೇ ತುಂಬಿಕೊಳ್ಳುತ್ತೆ. ಪೇಂಟು, ಥಿನ್ನರ್ ಕೂಡ ಬೇಡ. ಬೆಂಕಿ ಬಿದ್ದರೆ ಮಹಡಿಯವರು ಇಳಿದು ಬರಬೇಕಾದ್ದು ಅದೇ ಮೆಟ್ಟಿಲಲ್ಲಿ.

ಬಡಗಿ ಕೆಲಸ ಮುಗಿಸಿ ಹೋದ ಸಂಜೆ ಅಮ್ಮ ಪೆಟ್ಟಿಗೆಯನ್ನು ಒಂದೇ ಕೈಲಿ ಎಳೆದು, ಮತ್ತೆ ನೂಕಿ, ಮತ್ತೆ ಎಳೆದಳು. ಆಮೇಲೆ ಹಳೇ ಪಂಚೆ ಬಿಚ್ಚಿ, ಮದುವೆಯಲ್ಲಿ ಅಜ್ಜಿ ಕೊಟ್ಟಿದ್ದ ಪಟ್ಟದ ಗೊಂಬೆಗಳನ್ನು ಮಡಿಲಲ್ಲಿಟ್ಟು ಧೂಳು ಒರೆಸಿದಳು.

"ರಾಣಿ ಸೀರೆ ಮಾಸಿಹೋಗಿದೆ ನೋಡು. ಮುಂದಿನ ಸಲ ಬರ್ತಾ ಒಂದು ಮೊಳ ಜರಿ ಬಟ್ಟೆ ತಗೊಂಡ್ ಬಾ."