ನೆಲದ ಹೆಸರು, ಸೆಕ್ಟರಿನ ಅಂಕಿ

ಕಳೆದ ಎಳ್ಳಮಾವಾಸ್ಯೆಯಂದು ಬಾಗಲಕೋಟೆಯ ನವನಗರದಲ್ಲಿ ಕಂಡ ಒಂದು ಪ್ರಸಂಗವನ್ನು ಈ ತಿಂಗಳು ವಾಚಕ ಬಂಧುಗಳ ಮುಂದಿಡಬಯಸುತ್ತೇವೆ. ನಾವು ವಾಸವಾಗಿರುವ ಸೆಕ್ಟರಿನ ತುದಿಯಲ್ಲಿ, ಇನ್ನೂ ಮನೆ ಏಳದ ಖಾಲಿ ನಿವೇಶನವೊಂದರಲ್ಲಿ, ಎಂಬತ್ತರ ಆಸುಪಾಸಿನ ತಾಯಿಯೊಬ್ಬರು ಮೊಮ್ಮಗನೊಡನೆ ನಿಂತಿದ್ದರು. ಎದುರಿಗೆ ಐದು ಕಲ್ಲುಗಳನ್ನಿಟ್ಟು, ವಿಭೂತಿ ಹಚ್ಚಿ, ಬುತ್ತಿಯ ಗಂಟು ಬಿಚ್ಚಿದ್ದರು. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಕಡುಬು, ಪುಂಡಿಪಲ್ಲೆ ಎಲ್ಲವೂ ಇದ್ದವು. ಪೂಜೆ ಮುಗಿದ ಬಳಿಕ ಆ ತಾಯಿ ಚರಗದ ಪಾತ್ರೆ ಹಿಡಿದು ನಾಲ್ಕೂ ದಿಕ್ಕಿಗೆ ಚೆಲ್ಲುತ್ತ ನಡೆದರು. ಚರಗವು ಡಾಂಬರು ರಸ್ತೆಯ ಮೇಲೆ, ಗಟಾರದ ಅಂಚಿನ ಮೇಲೆ, ಯಾರದೋ ಮನೆಯ ಕಂಪೌಂಡಿನ ಬುಡದಲ್ಲಿ ಬಿದ್ದಿತು. ಮೊಮ್ಮಗ ನಾಚಿಕೊಂಡು ಅತ್ತಿತ್ತ ನೋಡುತ್ತಿದ್ದ.

ಚರಗ ಚೆಲ್ಲುವುದು ಹೊಲದಲ್ಲಿ. ಇಲ್ಲಿ ಹೊಲವೆಲ್ಲಿ ತಾಯಿ, ಎಂದು ಕೇಳಿದೆವು.

"ಹೊಲಾ ಎಲ್ಲೂ ಹೋಗಿಲ್ರಿ ಅಯ್ಯಾರ, ಇಲ್ಲೇ ಐತಿ. ಮ್ಯಾಲ ಮನಿ ಕಟ್ಟ್ಯಾರಷ್ಟ. ಇದು ನಮ್ಮ ದಿನ್ನಿಹೊಲ. ನೀವು ಇರೋ ಮನಿ ಬನ್ನಿಗಿಡದ ಹೊಲದಾಗ ಬರತೈತಿ."

ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ನಾವು ಮುಳುಗಡೆಯವರು. ಹಳೆಯ ಬಾಗಲಕೋಟೆಯಲ್ಲಿ ಕಂಬದ ಪಡಸಾಲೆಯ ಮನೆಯೊಂದಿತ್ತು. ಘಟಪ್ರಭೆಯಲ್ಲಿ ಹಿಂದೆ ಸರಿದು ಬಂದ ಕೃಷ್ಣೆಯ ನೀರು ಅದನ್ನು ನುಂಗಿತು. ಅಂದಿನಿಂದ, ನಾವು ನೆಲೆ ಕಳೆದುಕೊಂಡವರು ಎಂದು ಸಭೆಗಳಲ್ಲಿ ಹೇಳಿದ್ದೇವೆ, ಇದೇ ಅಂಕಣದಲ್ಲಿಯೂ ಬರೆದಿದ್ದೇವೆ. ಅದು ಸುಳ್ಳಲ್ಲ. ಆದರೆ ನಮಗೆ ದೊರೆತ ನೆಲೆಯನ್ನು ಮೊದಲು ಉತ್ತವರು ಯಾರು, ಅದಕ್ಕೆ ಏನೆಂದು ಕರೆಯುತ್ತಿದ್ದರು ಎಂಬುದನ್ನು ಇಷ್ಟು ವರ್ಷ ಒಂದು ದಿನವಾದರೂ ವಿಚಾರಿಸಲಿಲ್ಲ. ಮುಳುಗಿದ ಊರಿನ ಕಥೆಯನ್ನು ಎಲ್ಲರೂ ಬಲ್ಲರು. ಮುಳುಗದೆ ಹೋದ ಹೊಲಗಳ ಕಥೆಗೆ ಹೇಳುವವರಿಲ್ಲ.

ಸಂಗತಿಯನ್ನು ಸ್ವಲ್ಪ ಹಿಂದಿನಿಂದ ನೋಡೋಣ. ಆಲಮಟ್ಟಿಯ ಅಣೆಕಟ್ಟಿಗೆ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟದ್ದು 1964ರಲ್ಲಿ. ನೀರು ನಿಂತರೆ ಬಾಗಲಕೋಟೆಯ ತಗ್ಗು ಭಾಗಗಳು ಉಳಿಯಲಾರವೆಂದು ತಿಳಿದ ಮೇಲೆ, 1983ರ ಕಾಯಿದೆಯ ಮೇರೆಗೆ ಪಟ್ಟಣಕ್ಕೆ ಪ್ರತ್ಯೇಕವಾದ ಅಭಿವೃದ್ಧಿ ಪ್ರಾಧಿಕಾರವು ರಚನೆಯಾಯಿತು. ನೀರು ಮುಟ್ಟದ ಎತ್ತರದ ನೆಲವನ್ನು ಹಳೆಯ ಊರಿನ ಪಶ್ಚಿಮಕ್ಕೆ ಹುಡುಕಿದರು. ಹೊಸ ಊರಿನ ನಕ್ಷೆಯನ್ನು ಸಿದ್ಧಪಡಿಸಿದವರು ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು. 1997ರ ಆಗಸ್ಟ್ 15ರಂದು ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆಯೇ ಜಿಲ್ಲೆಯಾದಾಗ ಕಚೇರಿಗಳೂ ಇದೇ ನೆಲಕ್ಕೆ ಬಂದವು. ಹೀಗೆ ಜೋಳ, ಸಜ್ಜೆ, ಕುಸುಬೆ ಬೆಳೆಯುತ್ತಿದ್ದ ಬಯಲು ಒಂದೇ ತಲೆಮಾರಿನಲ್ಲಿ ಜಿಲ್ಲಾ ಕೇಂದ್ರವಾಯಿತು.

ಬಾಲ್ಯದಲ್ಲಿ ಮಠದ ವಿದ್ಯಾರ್ಥಿಗಳಾಗಿದ್ದಾಗ ನಾವು ಗುರುಗಳ ಬೆನ್ನ ಹಿಂದೆ ಮುಚಖಂಡಿಯ ವೀರಭದ್ರ ದೇವರ ದರ್ಶನಕ್ಕೆ ಕಾಲುನಡಿಗೆಯಲ್ಲಿ ಹೋಗುತ್ತಿದ್ದೆವು. ಊರು ಬಿಟ್ಟರೆ ಹೊಲಗಳೇ. ಗುರುಗಳು ದಾರಿಯುದ್ದಕ್ಕೂ ರೈತರನ್ನು ಮಾತನಾಡಿಸುತ್ತ ನಡೆಯುವರು. ಮುಚಖಂಡಿಯ ದೊಡ್ಡ ಕೆರೆಯ ಏರಿಯ ಮೇಲೆ ಕುಳಿತು ಬುತ್ತಿ ಬಿಚ್ಚುವಾಗ ಬರಗಾಲದ ಕಥೆ ಹೇಳುವರು. 1876ರಿಂದ 1878ರವರೆಗಿನ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆಯು ಅನುಭವಿಸಿದ ಸಂಕಟ ಅಷ್ಟಿಷ್ಟಲ್ಲ. 1872ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಕಡಿಮೆಯಾಗಿದ್ದರು. ಆಂಗ್ಲರ ಕಾಲದ ಆ ಕೆರೆಯು ಕಟ್ಟಿ ಮುಗಿದದ್ದು ಬರದ ನಂತರ, 1880ರ ದಶಕದಲ್ಲಿ. ಬರಕ್ಕೂ ಬಗ್ಗದೆ ನೆಲವನ್ನು ಹಿಡಿದು ನಿಂತವರ ಮೊಮ್ಮಕ್ಕಳೇ ನಾವು ಬಾಲ್ಯದಲ್ಲಿ ಕಂಡ ರೈತರು.

ಇನ್ನು ಹೆಸರುಗಳ ವಿಷಯ. ನಮ್ಮ ಸೀಮೆಯಲ್ಲಿ ಹೆಸರಿಲ್ಲದ ಹೊಲವೇ ಇರಲಿಲ್ಲ. ಎತ್ತರದಲ್ಲಿದ್ದರೆ ದಿನ್ನಿಹೊಲ, ಹಳ್ಳದ ದಂಡೆಗಿದ್ದರೆ ಹಳ್ಳದ ಹೊಲ, ಮರದಿಂದ ಬನ್ನಿಗಿಡದ ಹೊಲ, ಹುಣಸಿಗಿಡದ ಹೊಲ. ಇವು ಸಾಮಾನ್ಯ ಹೆಸರುಗಳು. ಇತಿಹಾಸದ ವಿದ್ಯಾರ್ಥಿಗೆ ಬೆಲೆಯುಳ್ಳವು ಬೇರೆ ಇವೆ. ದೀಪದ ಹೊಲವೆಂದರೆ ಗುಡಿಯ ನಂದಾದೀಪದ ಎಣ್ಣೆಗಾಗಿ ಬಿಟ್ಟ ಭೂಮಿ. ಮಠದ ಹೊಲ, ಅಯ್ಯನ ಹೊಲ, ಬಡಿಗೇರ ಮಾನ್ಯ, ತಳವಾರರ ಉಂಬಳಿ ಎನ್ನುವಾಗ ಯಾವ ಕಾಯಕಕ್ಕೆ ಊರು ಯಾವ ನೆಲವನ್ನು ಕೊಟ್ಟಿತ್ತೆಂಬ ಲೆಕ್ಕವೇ ಹೆಸರಿನಲ್ಲಿ ಅಡಗಿದೆ. ಗುಡಿ ಬಿದ್ದುಹೋಗಿ ನೂರು ವರ್ಷವಾಗಿರಬಹುದು, ಎಣ್ಣೆ ಹಾಕುವವರ ವಂಶ ಅಳಿದಿರಬಹುದು. ಆದರೂ ಹೊಲವು ದೀಪದ ಹೊಲವಾಗಿಯೇ ಉಳಿಯುತ್ತದೆ. ಕೆಲವು ಹೊಲಗಳ ಬದುವಿನಲ್ಲಿ ಲಿಂಗಮುದ್ರೆಯ ಕಲ್ಲು ನಿಂತಿರುತ್ತದೆ. ಶಿವಾಲಯಕ್ಕೋ ಮಠಕ್ಕೋ ದತ್ತಿಯಾದ ಭೂಮಿಯ ಎಲ್ಲೆಯನ್ನು ತೋರಿಸುವ ಕಲ್ಲು ಅದು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ನೆರೆಯಲ್ಲಿರುವ ನಾವು ಶಾಸನವೆಂದರೆ ಗುಡಿಯ ಗೋಡೆಯ ಮೇಲಿನ ಬರಹವೆಂದೇ ಭಾವಿಸುತ್ತೇವೆ. ಹೊಲದ ನಡುವೆ ನಿಂತು ಎತ್ತು ಮೈ ತಿಕ್ಕಿಕೊಳ್ಳುವ ಆ ಮುದ್ರೆಗಲ್ಲೂ ಶಾಸನವೇ. ದಾನದ ನೆಲವನ್ನು ಮತ್ತರುಗಳಲ್ಲಿ ಅಳೆದು, ಮೂಡಣಕ್ಕೆ ಇಂಥ ಹಳ್ಳ, ತೆಂಕಣಕ್ಕೆ ಇಂಥ ಕಲ್ಲು ಎಂದು ಎಲ್ಲೆ ಹೇಳುವ ಪದ್ಧತಿಯು ಸಾವಿರ ವರ್ಷಗಳಿಗಿಂತ ಹಳೆಯದು. ಆ ತಾಯಿಯ ಬಾಯಿಂದ ಬಂದ ಮಾತೂ ಅದೇ ಪದ್ಧತಿಯದು.

ಅಂಕಿಗಳು ಬಂದದ್ದು ಆಂಗ್ಲರ ಕಾಲದಲ್ಲಿ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಮುಂಬಯಿ ಸರಕಾರದ ಮೋಜಣಿಯಲ್ಲಿ ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಬಿತ್ತು. ಆದರೆ ರೈತನು ನಂಬರನ್ನು ತಲಾಠಿಯ ದಫ್ತರದಲ್ಲಿ ಬಿಟ್ಟು ಹೆಸರನ್ನು ಮನೆಗೆ ತಂದನು. ಉತಾರದಲ್ಲಿ ನಂಬರು, ಬಾಯಲ್ಲಿ ಹೆಸರು, ಹೀಗೆ ಎರಡೂ ನೂರು ವರ್ಷಗಳಿಗೂ ಮಿಕ್ಕಿ ಜೊತೆಯಾಗಿ ಬಾಳಿದವು. ಸೆಕ್ಟರಿನ ಅಂಕಿಯೊಡನೆ ಹಾಗೆ ಬಾಳುವೆಯಾಗಲಿಲ್ಲ. ಕಾರಣ ಸರಳ. ಸರ್ವೆ ನಂಬರು ಬಂದಾಗ ಹೊಲವೂ ಇತ್ತು, ಹೊಲದವನೂ ಅಲ್ಲಿಯೇ ಇದ್ದನು. ಸೆಕ್ಟರು ಬಂದಾಗ ಬದುಗಳನ್ನು ಸಮಗೊಳಿಸಿದರು, ಹೊಲದವನು ಪರಿಹಾರದ ಹಣ ಪಡೆದು ದೂರ ಹೋದನು, ಬಂದು ನೆಲೆಸಿದವರು ನಮ್ಮಂಥವರು. ನಮಗೆ ವಿಳಾಸಕ್ಕೆ ಅಂಕಿಯೇ ಸಾಕಾಯಿತು.

ಪರಿಹಾರದ ವಿಷಯಕ್ಕೆ ಬಂದರೆ, ನಮ್ಮ ಪರಿಚಯದ ಹಿರಿಯ ರೈತರೊಬ್ಬರು 1974ರ ಭೂ ಸುಧಾರಣೆಯಲ್ಲಿ ಏಳನೆಯ ನಮೂನೆಯ ಅರ್ಜಿ ಕೊಟ್ಟು, ತಾವು ಗೇಣಿಗೆ ಉಳುತ್ತಿದ್ದ ಭೂಮಿಗೆ ಒಡೆಯರಾದವರು. ಹತ್ತಾರು ವರ್ಷ ಕಳೆಯುವಷ್ಟರಲ್ಲಿ ಅದೇ ಭೂಮಿ ಹೊಸ ಊರಿಗಾಗಿ ಹೋಯಿತು. ಬಂದ ಹಣದಲ್ಲಿ ಅರ್ಧ ವಕೀಲರ ಪಾಲು, ಅರ್ಧ ಮಗಳ ಲಗ್ನದ ಪಾಲು ಎಂದು ಅವರು ನಗುತ್ತಲೇ ಹೇಳುತ್ತಾರೆ. ಮುಳುಗಡೆಯವರಾದ ನಮಗೆ ಮನೆಗೆ ಬದಲಾಗಿ ನಿವೇಶನವಾದರೂ ದೊರೆಯಿತು. ಅವರಿಗೆ ಹೊಲಕ್ಕೆ ಬದಲಾಗಿ ಹೊಲ ದೊರೆಯಲಿಲ್ಲ. ಇದನ್ನು ಯಾರ ಮೇಲೂ ದೂರು ಹೊರಿಸಲು ಬರೆಯುತ್ತಿಲ್ಲ. ಪಟ್ಟಣವೆಲ್ಲಾದರೂ ನೆಲೆಸಲೇಬೇಕಿತ್ತು. ಆದರೆ ಅತಿಥಿಯಾದವನು ಆತಿಥೇಯನ ಹೆಸರನ್ನೂ ಕೇಳದೆ ಮನೆ ಕಟ್ಟಿ ಕುಳಿತದ್ದು, ದಾಸೋಹದ ಮಾತನಾಡುವ ನಮ್ಮಂಥವರಿಗೆ ಶೋಭಿಸುವ ನಡೆಯಲ್ಲ.

ಈ ವಿಷಯ ಇಲ್ಲಿಗೇ ಮುಗಿದುದೂ ಅಲ್ಲ. ಈವರೆಗೆ ಆಲಮಟ್ಟಿಯಲ್ಲಿ ನೀರು ನಿಲ್ಲಿಸುತ್ತ ಬಂದಿರುವುದು 519.6 ಮೀಟರಿನ ಮಟ್ಟಕ್ಕೆ. ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ. ನೀರು ಆ ಮಟ್ಟಕ್ಕೆ ಏರಿದರೆ ಇನ್ನಷ್ಟು ಜನ ಮೇಲಕ್ಕೆ ಬರಬೇಕು, ಅವರಿಗಾಗಿ ಇನ್ನಷ್ಟು ಹೊಲಗಳು ಹೋಗಬೇಕು. ಆ ಹೊಲಗಳ ಹೆಸರುಗಳನ್ನು ಬಲ್ಲವರು ಈಗಲೇ ಎಪ್ಪತ್ತು, ಎಂಬತ್ತು ದಾಟಿದ್ದಾರೆ.

ಆದುದರಿಂದ ಸಂಕ್ರಮಣ ಕಳೆದ ಮೇಲೆ ನಾವು ಒಂದು ವಹಿ ಹಿಡಿದು ಆ ತಾಯಿಯ ಮನೆಗೆ ಹೋದೆವು. ಅವರ ಮೊಮ್ಮಗನೇ ನವನಗರದ ನಕ್ಷೆಯನ್ನು ತಂದು ನೆಲದ ಮೇಲೆ ಹಾಸಿದ. ಎಲ್ಲೆಲ್ಲಿ ಯಾವ ಸೆಕ್ಟರು ಎಂದು ಆತ ಬೆರಳಿಟ್ಟು ತೋರಿಸುವುದು, ಹಳ್ಳ ಯಾವ ಕಡೆಗೆ ಹರಿಯುತ್ತಿತ್ತು ಎಂದು ಆ ತಾಯಿ ಕೇಳುವುದು, ಹೀಗೆ ಮಧ್ಯಾಹ್ನದವರೆಗೆ ನಡೆಯಿತು. ಎಳ್ಳಮಾವಾಸ್ಯೆಯಂದು ನಾಚಿಕೊಂಡಿದ್ದ ಹುಡುಗ ಅಂದು ತಾನೇ ಪೆನ್ನು ಹಿಡಿದು ಸೆಕ್ಟರಿನ ಅಂಕಿಯ ಮುಂದೆ ಹೆಸರು ಬರೆಯತೊಡಗಿದ್ದ. ಏಳು ಹೊಲಗಳು ಸಿಕ್ಕವು. ನಮ್ಮ ಸೆಕ್ಟರಿನ ಹಿಂದಿನ ಬೀದಿಯಲ್ಲಿ ಒಂದು ದೀಪದ ಹೊಲವಿತ್ತೆಂಬುದೂ ತಿಳಿಯಿತು. ಅದು ಯಾವ ಗುಡಿಯ ದೀಪವೆಂದು ಕೇಳಿದಾಗ ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ನೆಗೆಣ್ಣಿಗೆ ಗೊತ್ತಿರತೈತ್ರಿ ಅಯ್ಯಾರ, ಆಕಿ ಮುಚಖಂಡಿಯೊಳಗ ಅದಾಳ. ಕಣ್ಣು ಕಾಣಂಗಿಲ್ಲ, ನೆನಪು ಗಟ್ಟಿ ಐತಿ" ಎಂದರು. ಬರುವ ಸೋಮವಾರ ಅಲ್ಲಿಗೆ ಹೋಗುವುದೆಂದು ನಿಶ್ಚಯವಾಗಿದೆ. ಮೊಮ್ಮಗನೂ ಬರುತ್ತೇನೆಂದಿದ್ದಾನೆ.