ಕಾಣದ ಹೊಗೆಗೆ ಲೆಕ್ಕ ಕೇಳುವವರು ಯಾರು?

ಕೆಮ್ಮುತ್ತಾ ಆಸ್ಪತ್ರೆಗೆ ಬಂದ ಬಡವನಿಗೆ ಎದುರಾಗುವ ಮೊದಲ ಪ್ರಶ್ನೆ: 'ಬೀಡಿ ಸೇದುತ್ತೀಯಾ?' ಕೇಳಬೇಕಾದ ಪ್ರಶ್ನೆಯೇ. ಆದರೆ, 'ದಿನಕ್ಕೆ ಎಷ್ಟು ಗಂಟೆ ಲಾರಿ, ಬಸ್ಸುಗಳ ಹೊಗೆಯಲ್ಲಿ ನಿಲ್ಲುತ್ತೀಯಾ?' ಎಂದು ಕೇಳುವವರು ಎಷ್ಟು ಮಂದಿ? ಬೀಡಿ ಸೇದುವುದು ಅವನ ತಪ್ಪಾದರೆ, ಡೀಸೆಲ್ ಹೊಗೆ ಕುಡಿಯುವುದು ಯಾರ ತಪ್ಪು?

ಇದು ಬರೀ ಆವೇಶದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿ ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುವ 'ಸಂಭವವಿದೆ' ಎಂದಿತ್ತು. 2012ರ ಜೂನ್‌ನಲ್ಲಿ ಆ 'ಸಂಭವ'ವನ್ನು ಕೈಬಿಟ್ಟು, ತಂಬಾಕು ಮತ್ತು ಆಸ್ಬೆಸ್ಟಾಸ್‌ನಂತೆ ಇದೂ ಖಚಿತವಾಗಿ ಕ್ಯಾನ್ಸರ್‌ಕಾರಕ ಎಂದು ಘೋಷಿಸಿತು. ಇದಕ್ಕೆ ಬಲವಾದ ಆಧಾರ ಒದಗಿಸಿದ್ದು ಅಮೆರಿಕದ 12 ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರ ಅಧ್ಯಯನ. ಅತಿ ಹೆಚ್ಚು ಹೊಗೆ ಕುಡಿದ ಕಾರ್ಮಿಕರು ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವ ಅಪಾಯ ಇತರರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಈ ಸತ್ಯ ಹೊರಬರುವ ಮುನ್ನ ಗಣಿ ಉದ್ಯಮಿಗಳು ಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದರು!

ಡೀಸೆಲ್ ಕಣವೆಂದರೆ ಒಳಗೆ ಮಸಿ, ಮೇಲೆ ಅಂಟಿಕೊಂಡ ವಿಷ ರಾಸಾಯನಿಕಗಳು. ಹೆಚ್ಚಿನವು ಒಂದು ಮೈಕ್ರೋಮೀಟರಿಗಿಂತಲೂ ಸಣ್ಣವು. ಮೂಗಿನ ಕೂದಲು, ಗಂಟಲಿನ ಕಫ ಇವನ್ನು ತಡೆಯಲಾರವು. ಶ್ವಾಸಕೋಶದ ಗಾಳಿಚೀಲಗಳಿಗೆ ಇಳಿದು ಉರಿಯೂತ ಉಂಟುಮಾಡುತ್ತವೆ. ಅತಿಸೂಕ್ಷ್ಮ ಕಣಗಳು ರಕ್ತಕ್ಕೂ ಸೇರುತ್ತವೆ. ಆಸ್ತಮಾ ಕೆರಳುವುದಲ್ಲದೆ ಹೃದಯಾಘಾತದ ಅಪಾಯವೂ ಹೆಚ್ಚುತ್ತದೆ.

'ಈಗ ಬಿಎಸ್-6 ವಾಹನಗಳು ಬಂದಿವೆಯಲ್ಲ?' ಎಂದು ಕೆಲವರು ಕೇಳಬಹುದು. ನಿಜ. 2020ರ ಏಪ್ರಿಲ್‌ನಿಂದ ಡೀಸೆಲ್‌ನಲ್ಲಿನ ಗಂಧಕದ ಮಿತಿ ದಶಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಹೊಸ ಗಾಡಿಗಳಿಗೆ ಕಣ ಹಿಡಿಯುವ ಫಿಲ್ಟರ್ ಬಂತು. ಆದರೆ ಹಳೆಯ ಲಾರಿ, ಟೆಂಪೊಗಳು ಇನ್ನೂ ರಸ್ತೆಯಲ್ಲೇ ಇವೆ. ಹೊಸ ಗಾಡಿಯ ಫಿಲ್ಟರ್ ಕೆಟ್ಟರೆ ಹಿಡಿಯುವವರು ಯಾರು? ನಮ್ಮ ಎಮಿಷನ್ ಟೆಸ್ಟ್ ಡೀಸೆಲ್ ಹೊಗೆ ಎಷ್ಟು ದಟ್ಟವಾಗಿದೆ ಎಂದು ನೋಡುತ್ತದೆಯೇ ಹೊರತು ಸೂಕ್ಷ್ಮ ಕಣಗಳನ್ನು ಎಣಿಸುವುದಿಲ್ಲ. ಕೊಲ್ಲುವುದು ಕಾಣದ ಕಣ, ಅಳೆಯುವುದು ಕಾಣುವ ಹೊಗೆ! ನೆದರ್ಲ್ಯಾಂಡ್ಸ್ 2023ರಿಂದಲೇ ಫಿಲ್ಟರ್ ಇರುವ ಡೀಸೆಲ್ ವಾಹನಗಳ ಕಣಗಳನ್ನು ಎಣಿಸಿ ಪರೀಕ್ಷಿಸುತ್ತಿದೆ. ನಮಗೇಕೆ ಸಾಧ್ಯವಿಲ್ಲ?

ಸಾಧ್ಯವಿಲ್ಲ ಎನ್ನುವವರು ದೆಹಲಿಯನ್ನು ನೆನೆಯಲಿ. ಅಲ್ಲಿನ ನಗರ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂದು ಸುಪ್ರೀಂ ಕೋರ್ಟ್ 1998ರಲ್ಲಿ ಆದೇಶಿಸಿದಾಗಲೂ ಇದೇ ರಾಗ ಕೇಳಿಬಂದಿತ್ತು. 2002ರ ಕೊನೆಗೆ ಆ ಕೆಲಸ ಮುಗಿದಿತ್ತು.

ಕಾರಿನವನು ಗಾಜು ಏರಿಸಿ ಎ.ಸಿ. ಹಾಕಿಕೊಳ್ಳುತ್ತಾನೆ. ತಳ್ಳುಗಾಡಿಯವನು, ಆಟೋ ಚಾಲಕ, ಗ್ಯಾರೇಜಿನ ಹುಡುಗ, ಸಿಗ್ನಲ್‌ನಲ್ಲಿ ನಿಂತ ಪೇದೆ ಏನು ಮಾಡಬೇಕು? ಲಾಭ ಒಬ್ಬನಿಗೆ, ಕೆಮ್ಮು ಇನ್ನೊಬ್ಬನಿಗೆ ಎಂಬ ಈ ವ್ಯವಸ್ಥೆಗೆ ಅಭಿವೃದ್ಧಿ ಎಂಬ ಹೆಸರು ಸಲ್ಲದು. ಇದು ಪರಿಸರಪ್ರೇಮಿಗಳ ಹವ್ಯಾಸದ ವಿಷಯವಲ್ಲ, ನ್ಯಾಯದ ಪ್ರಶ್ನೆ. ಕಣಗಳನ್ನು ಎಣಿಸಿ ಎಂದು ಸರಕಾರವನ್ನು ಒತ್ತಾಯಿಸೋಣ. ಇಲ್ಲವಾದರೆ ಹೆಣಗಳನ್ನು ಎಣಿಸಬೇಕಾದೀತು.