ಹನ್ನೆರಡು ಅಂಕಿಯೊಳಗಿನ ಹುಟ್ಟುಹಬ್ಬ

ನಿಮ್ಮ ಮಗುವಿನ ಸಿವಿಲ್ ಐಡಿ ಕೈಗೆ ತೆಗೆದುಕೊಳ್ಳಿ. 12 ಅಂಕಿಗಳಲ್ಲಿ ಮೊದಲನೆಯದು 3 ಎಂದರೆ ಹುಟ್ಟಿದ್ದು 2000ದಿಂದೀಚೆಗೆ. ಮುಂದಿನ ಆರು ಅಂಕಿ ವರ್ಷ, ತಿಂಗಳು, ದಿನ. 3170514 ಎಂದು ಶುರುವಾದರೆ 2017ರ ಮೇ 14. ನಮ್ಮೂರಿನ ಆಧಾರ್‌ಗೂ 12 ಅಂಕಿಯೇ, ಆದರೆ ಅದರಿಂದ ಹುಟ್ಟುಹಬ್ಬ ತಿಳಿಯುವುದಿಲ್ಲ.

ಇದು ನನ್ನ ಗಮನಕ್ಕೆ ಬಂದದ್ದು ತಡವಾಗಿ. ಸಾಲ್ಮಿಯಾದ ನಮ್ಮ ಕನ್ನಡ ತರಗತಿಯ ನೋಂದಣಿ ಪುಟ ಬರೆದದ್ದು ನಾನೇ. ಮಗುವಿಗೆ ಆರು ತುಂಬಿದೆಯೇ ಎಂದಷ್ಟೇ ತಿಳಿಯಬೇಕಿತ್ತು. ಅದಕ್ಕೆ ಸಿವಿಲ್ ಐಡಿಯ ಫೋಟೋವನ್ನೇ ಕೇಳಿಬಿಟ್ಟೆ! "ಇವನ್ನೆಲ್ಲ ಯಾವಾಗ ಅಳಿಸ್ತೀರಿ?" ಎಂದು ಒಬ್ಬ ತಾಯಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಅಂದೇ ಅಳಿಸಿದೆ. ಈಗ ನೀವು ಹಾಕುವ ದಿನಾಂಕವನ್ನು ಜಾವಾಸ್ಕ್ರಿಪ್ಟ್ ನಿಮ್ಮ ಬ್ರೌಸರ್‌ನಲ್ಲೇ ಲೆಕ್ಕ ಹಾಕಿ, ನಮಗೆ 'ಹೌದು' ಅಥವಾ 'ಇಲ್ಲ' ಎಂದಷ್ಟೇ ಕಳಿಸುತ್ತದೆ. ದಿನಾಂಕ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಇದು ಪುರಾವೆಯಲ್ಲ, ಒಪ್ಪುತ್ತೇನೆ: ಬ್ರೌಸರ್‌ನಲ್ಲಿ ಓಡುವ ಕೋಡನ್ನು ಬಲ್ಲವರು ತಿದ್ದಬಹುದು. ಹಾಗಾಗಿ ಮೊದಲ ದಿನ ಕಾರ್ಡನ್ನು ಟೀಚರಿಗೆ ತೋರಿಸಿ, ಮತ್ತೆ ಪರ್ಸಿಗೆ ಹಾಕಿಕೊಳ್ಳಿ. ಕನ್ನಡ ಕಲಿಯಲೆಂದು ಸುಳ್ಳು ಹೇಳಿ ಬರುವ ಐದು ವರ್ಷದವರಿದ್ದರೆ, ಬರಲಿ ಬಿಡಿ.

ಬ್ಯಾಂಕಿನ ಕೆಲಸ ಬೇರೆ. ಅಲ್ಲಿ ಕುವೈತ್ ಮೊಬೈಲ್ ಐಡಿ ಆ್ಯಪ್‌ಗೆ ಕೋರಿಕೆ ಬರುತ್ತದೆ. ಯಾರು, ಯಾತಕ್ಕೆ ಕೇಳುತ್ತಿದ್ದಾರೆಂದು ಓದಿ. ನೀವೇ ಶುರುಮಾಡದ ಕೋರಿಕೆಯಾದರೆ ತಿರಸ್ಕರಿಸಿ.

ಇವತ್ತು ಸಂಜೆ ಮಗುವಿನ ಕೈಗೆ ಕಾರ್ಡು ಕೊಟ್ಟು ಅಂಕಿಗಳನ್ನು ಕನ್ನಡದಲ್ಲಿ ಓದಿಸಿ. ನನ್ನ ಮಗಳು "ಮೂರು, ಒಂದು, ಏಳು…" ಎನ್ನುತ್ತಾ ಹೋಗಿ, "ಅಮ್ಮಾ, ಇದು ನನ್ನ ಬರ್ತ್‌ಡೇ! ಯಾರು ಹೇಳಿದ್ದು ಇವರಿಗೆ?" ಎಂದಳು.